ಮುಟ್ಟಿನ ರಜೆ ಬಂತು, ಮುಟ್ಟಿನ ನೋವಿಗೆ ಚಿಕಿತ್ಸೆ ಎಲ್ಲಿ?

2025ರ ಅಕ್ಟೋಬರ್ 9ರಂದು ರಾಜ್ಯ ಸಚಿವ ಸಂಪುಟ ಮುಟ್ಟಿನ ರಜೆ ನೀತಿಗೆ ಒಪ್ಪಿಗೆ ಕೊಟ್ಟಿತು. ತಿಂಗಳಿಗೆ ಒಂದರಂತೆ ವರ್ಷಕ್ಕೆ 12 ದಿನ ಸಂಬಳಸಹಿತ ರಜೆ. ಅಂದಿನಿಂದ ಸೋಷಿಯಲ್ ಮೀಡಿಯಾದಲ್ಲಿ, ಆಫೀಸಿನ ಟೀ ಬ್ರೇಕಿನಲ್ಲಿ, ಕೊನೆಗೆ ಹೈಕೋರ್ಟಿನಲ್ಲೂ ಪರ-ವಿರೋಧದ ವಾದ ನಡೆದಿದೆ. "ಹೀಗಾದ್ರೆ ಹೆಣ್ಣುಮಕ್ಕಳಿಗೆ ಕೆಲಸ ಯಾರು ಕೊಡ್ತಾರೆ?" ಅನ್ನೋರಿಂದ ಹಿಡಿದು "ನಮ್ಮಮ್ಮ ಗದ್ದೆ ಕೆಲಸ ಮಾಡ್ಕೊಂಡೇ ಸಂಭಾಳಿಸಲಿಲ್ವಾ?" ಅನ್ನೋರವರೆಗೆ ಎಲ್ಲರ ಮಾತೂ ಕೇಳಿದ್ದಾಯಿತು. ನಾನು ರಜೆಯ ಪರ. ಆದರೆ ಈ ಗದ್ದಲದಲ್ಲಿ ಒಂದು ಸರಳ ಪ್ರಶ್ನೆ ಹಿಂದೆ ಸರಿದುಬಿಟ್ಟಿದೆ. ಪ್ರತಿ ತಿಂಗಳೂ ಹಾಸಿಗೆ ಹಿಡಿಸುವಷ್ಟು ನೋವು ಬರ್ತಿದೆ ಅಂದ್ರೆ, ಅದಕ್ಕೆ ಕಾರಣ ಏನು, ಚಿಕಿತ್ಸೆ ಏನು?

ರಜೆ ಒಂದು ದಿನದ್ದು. ನೋವು ಎರಡು-ಮೂರು ದಿನದ್ದು, ಅದೂ 13ನೇ ವಯಸ್ಸಿನಿಂದ ಹತ್ತಿರತ್ತಿರ 50ರವರೆಗೆ. ಹಾಗಾಗಿ ಈ ಬರಹದಲ್ಲಿ ರಜೆಯ ವಾದವನ್ನು ಪಕ್ಕಕ್ಕಿಟ್ಟು, ನೋವಿನ ವಿಷಯವನ್ನು ಮಾತ್ರ ಕೈಗೆತ್ತಿಕೊಳ್ಳುತ್ತೇನೆ. ನಾನು ಡಾಕ್ಟರ್ ಅಲ್ಲ. ಎಂಜಿನಿಯರಿಂಗ್ ಓದಿ ಪತ್ರಕರ್ತೆಯಾದವಳು, ಜೊತೆಗೆ ಈ ನೋವನ್ನು ಹತ್ತಾರು ವರ್ಷ ಅನುಭವಿಸಿದವಳು. ಡಾಕ್ಟರ್ ಹತ್ತಿರ ಹೋಗುವ ಮುಂಚೆ ಏನು ಗೊತ್ತಿದ್ದರೆ ಒಳ್ಳೆಯದು ಅನ್ನೋದನ್ನು ಹೇಳಬಲ್ಲೆ.

ನೋವು ಬರೋದು ಯಾಕೆ

ಗರ್ಭಕೋಶ ಅಂದ್ರೆ ಮೂಲತಃ ಒಂದು ಸ್ನಾಯು. ಪ್ರತಿ ತಿಂಗಳು ಅದರ ಒಳಪದರ ಕಳಚಿಕೊಳ್ಳುವ ಹೊತ್ತಿಗೆ ಆ ಪದರದಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ತಯಾರಾಗುತ್ತದೆ. ಅದು ಗರ್ಭಕೋಶವನ್ನು ಹಿಂಡುತ್ತದೆ. ಹಿಂಡಿದಾಗ ಒಳಗಿನ ರಕ್ತನಾಳಗಳೂ ಮುಚ್ಚಿಕೊಳ್ಳುತ್ತವೆ, ಸ್ನಾಯುವಿಗೆ ಆಮ್ಲಜನಕ ಸಾಲದೆ ನೋವು ಶುರುವಾಗುತ್ತದೆ. ಹೃದಯದ ಸ್ನಾಯುವಿಗೆ ರಕ್ತ ಸಾಲದಿದ್ದಾಗ ಎದೆನೋವು ಬರುತ್ತಲ್ಲ, ಇಲ್ಲಿಯೂ ತತ್ವ ಅದೇ. ಆದರೆ ಎದೆ ಹಿಡಿದುಕೊಂಡು ಕೂತ ಗಂಡಸಿಗೆ "ಸಹಿಸ್ಕೋ" ಅಂತ ಯಾರೂ ಹೇಳೋದಿಲ್ಲ.

ಇದೇ ಪ್ರೊಸ್ಟಾಗ್ಲಾಂಡಿನ್ ರಕ್ತಕ್ಕೂ ಸೇರುತ್ತದೆ. ಕೆಲವರಿಗೆ ಮೊದಲ ದಿನ ವಾಂತಿ, ಭೇದಿ, ತಲೆನೋವು, ತಲೆಸುತ್ತು ಆಗೋದು ಅದಕ್ಕೇ. "ಏನೋ ತಿಂದಿರ್ಬೇಕು" ಅಂತ ಅಮ್ಮ ಹೇಳುತ್ತಿದ್ದ ಹೊಟ್ಟೆ ಕೆಡುವಿಕೆಗೆ ಎಷ್ಟೋ ಸಲ ಊಟ ಕಾರಣ ಆಗಿರುವುದಿಲ್ಲ.

ಬೇರೆ ಕಾಯಿಲೆ ಇಲ್ಲದೆ ಬರುವ ಇಂಥ ನೋವು ಸಾಮಾನ್ಯವಾಗಿ ಮೈನೆರೆದ ಒಂದೆರಡು ವರ್ಷದೊಳಗೆ ಕಾಣಿಸಿಕೊಂಡು, ರಕ್ತಸ್ರಾವ ಶುರುವಾದ ಮೊದಲ ಎರಡು-ಮೂರು ದಿನದಲ್ಲಿ ಮುಗಿಯುತ್ತದೆ. ಇದಕ್ಕೂ ಚಿಕಿತ್ಸೆ ಇದೆ. "ಕಾಯಿಲೆ ಅಲ್ಲ" ಅನ್ನೋದಕ್ಕೂ "ಚಿಕಿತ್ಸೆ ಬೇಡ" ಅನ್ನೋದಕ್ಕೂ ವ್ಯತ್ಯಾಸ ಇದೆ.

ಮಾತ್ರೆಯಲ್ಲಿ ಮುಖ್ಯವಾದದ್ದು ಸಮಯ

ಇಬುಪ್ರೊಫೇನ್, ಮೆಫೆನಾಮಿಕ್ ಆಸಿಡ್, ನ್ಯಾಪ್ರೊಕ್ಸೆನ್. ಈ ಮೂರೂ ಒಂದೇ ಗುಂಪಿನ ನೋವಿನ ಮಾತ್ರೆಗಳು. ಇವು ಪ್ರೊಸ್ಟಾಗ್ಲಾಂಡಿನ್ ತಯಾರಾಗುವುದನ್ನೇ ತಡೆಯುತ್ತವೆ. ನಮ್ಮ ಹಾಸ್ಟೆಲುಗಳಲ್ಲಿ ಕೈಯಿಂದ ಕೈಗೆ ಓಡಾಡುವ ಮೆಫ್ಟಾಲ್ ಸ್ಪಾಸ್‌ನಲ್ಲಿ ಇರುವುದು 250 ಮಿಲಿಗ್ರಾಂ ಮೆಫೆನಾಮಿಕ್ ಆಸಿಡ್, ಜೊತೆಗೆ ಹಿಂಡುವಿಕೆ ಸಡಿಲಿಸುವ 10 ಮಿಲಿಗ್ರಾಂ ಡೈಸೈಕ್ಲೋಮೈನ್.

ನಮ್ಮಲ್ಲಿ ಬಹಳ ಜನ ಮಾತ್ರೆಯನ್ನು ಕೊನೆಯ ಅಸ್ತ್ರ ಅಂತ ಇಟ್ಟುಕೊಳ್ತಾರೆ. ತಡೆದು, ತಡೆದು, ಇನ್ನು ಆಗಲ್ಲ ಅಂದಾಗ ಒಂದು ನುಂಗಿ, "ನಂಗೆ ಮಾತ್ರೆ ಕೆಲಸ ಮಾಡಲ್ಲ" ಅಂತ ತೀರ್ಮಾನಿಸುತ್ತಾರೆ. ಮಾತ್ರೆ ಹೊಸದಾಗಿ ಪ್ರೊಸ್ಟಾಗ್ಲಾಂಡಿನ್ ತಯಾರಾಗುವುದನ್ನು ನಿಲ್ಲಿಸುತ್ತದೆಯೇ ಹೊರತು ಆಗಲೇ ತಯಾರಾಗಿರುವುದನ್ನು ಅಳಿಸುವುದಿಲ್ಲ. ಟ್ಯಾಂಕ್ ತುಂಬಿ ಮಹಡಿಯಿಂದ ನೀರು ಸುರಿದ ಮೇಲೆ ಮೋಟಾರ್ ಆಫ್ ಮಾಡಿದಂತೆ. ಹಾಗಾಗಿ ರಕ್ತಸ್ರಾವ ಅಥವಾ ನೋವಿನ ಮೊದಲ ಸುಳಿವಿಗೇ ಶುರು ಮಾಡಬೇಕು. ಡೇಟ್ ಸರಿಯಾಗಿ ಗೊತ್ತಿರುವವರಿಗೆ ಹಿಂದಿನ ದಿನವೇ ಶುರು ಮಾಡಲು ಡಾಕ್ಟರುಗಳು ಹೇಳುವುದುಂಟು. ಆಮೇಲೆ ನೋವಿಗಾಗಿ ಕಾಯದೆ, ಗಡಿಯಾರ ನೋಡಿಕೊಂಡು ಎರಡು-ಮೂರು ದಿನ ತೆಗೆದುಕೊಳ್ಳಬೇಕು. ಬೇರೆ ತೊಂದರೆ ಇಲ್ಲದ ವಯಸ್ಕರಿಗೆ ಇಬುಪ್ರೊಫೇನ್ ಆದರೆ 400 ಮಿಲಿಗ್ರಾಂ, ಎಂಟು ಗಂಟೆಗೊಮ್ಮೆ, ಏನಾದರೂ ತಿಂದ ಮೇಲೆ. ಅದಕ್ಕಿಂತ ಹೆಚ್ಚು ಬೇಕು ಅನ್ನಿಸಿದರೆ ಡಾಕ್ಟರ್ ಕೇಳಿಯೇ ಮುಂದುವರಿಯಿರಿ. ಈ ಗುಂಪಿನ ಎರಡು ಬೇರೆ ಮಾತ್ರೆಗಳನ್ನು ಒಟ್ಟಿಗೆ ತೆಗೆದುಕೊಳ್ಳುವ ಹಾಗಿಲ್ಲ.

ಹೊಟ್ಟೆಯ ಹುಣ್ಣು, ಕಿಡ್ನಿ ತೊಂದರೆ ಇದ್ದವರು, ನೋವಿನ ಮಾತ್ರೆಯಿಂದ ಉಬ್ಬಸ ಹೆಚ್ಚಾಗುವವರು, ಗರ್ಭಿಣಿ ಇರಬಹುದು ಅನ್ನುವ ಅನುಮಾನ ಇರುವವರು ಇವನ್ನು ತಾವಾಗಿಯೇ ತೆಗೆದುಕೊಳ್ಳಬಾರದು. ಮಳೆಗಾಲದಲ್ಲಿ ಜ್ವರ ಬಂದಿದ್ದು, ಅದೇ ಹೊತ್ತಿಗೆ ಮುಟ್ಟೂ ಆದರೆ ಈ ಗುಂಪಿನ ಮಾತ್ರೆ ಬೇಡ, ಪ್ಯಾರಾಸಿಟಮಾಲ್ ಮಾತ್ರ. ಡೆಂಗಿ ಆಗಿದ್ದರೆ ಇವು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. 2023ರ ಕೊನೆಯಲ್ಲಿ ಇಂಡಿಯನ್ ಫಾರ್ಮಾಕೊಪಿಯಾ ಕಮಿಷನ್ ಮೆಫೆನಾಮಿಕ್ ಆಸಿಡ್ ಬಗ್ಗೆ ಎಚ್ಚರಿಕೆ ಕೊಟ್ಟಾಗ "ಮೆಫ್ಟಾಲ್ ವಿಷ" ಅನ್ನುವ ಮಟ್ಟಿಗೆ ವಾಟ್ಸಾಪ್ ಫಾರ್ವರ್ಡ್‌ಗಳು ಓಡಾಡಿದವು. ಎಚ್ಚರಿಕೆ ಇದ್ದದ್ದು ಡ್ರೆಸ್ ಸಿಂಡ್ರೋಮ್ ಎಂಬ ಅಪರೂಪದ, ಆದರೆ ಗಂಭೀರವಾದ ಅಲರ್ಜಿಯ ಬಗ್ಗೆ. ಮಾತ್ರೆ ಶುರು ಮಾಡಿದ ಕೆಲವು ವಾರಗಳಲ್ಲಿ ಜ್ವರ, ಮೈಮೇಲೆ ದದ್ದು, ಮುಖ ಊತ ಕಂಡರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಬಿಸಿನೀರಿನ ಬ್ಯಾಗ್ ನಿಜಕ್ಕೂ ಕೆಲಸ ಮಾಡುತ್ತದೆ, ಮಾತ್ರೆಯ ಜೊತೆಗೂ ಬಳಸಬಹುದು. ನಿಯಮಿತ ವ್ಯಾಯಾಮದಿಂದ ನೋವು ಕಡಿಮೆಯಾಗುತ್ತದೆ ಅನ್ನುವುದಕ್ಕೆ ಆಧಾರ ಇದೆ, ಶುಂಠಿಗೂ ಸ್ವಲ್ಪ ಮಟ್ಟಿಗೆ ಇದೆ. ಮೆಂತ್ಯ ಮಜ್ಜಿಗೆ, ಜೀರಿಗೆ ಕಷಾಯ ನಿಮಗೆ ಹಿತ ಅನ್ನಿಸಿದರೆ ಧಾರಾಳವಾಗಿ ಕುಡಿಯಿರಿ. ಆದರೆ ವಾಂತಿ ಮಾಡಿಕೊಂಡು ಬಿದ್ದವಳಿಗೆ ಕಷಾಯ ಕೊಟ್ಟು ಮಾತ್ರೆ ಬಚ್ಚಿಡುವುದು ಆರೈಕೆ ಅಲ್ಲ.

ಯಾವ ನೋವು ಮಾಮೂಲಿ ಅಲ್ಲ

ಸರಿಯಾದ ಡೋಸ್, ಸರಿಯಾದ ಸಮಯದಲ್ಲಿ ಮೂರು ತಿಂಗಳು ತೆಗೆದುಕೊಂಡರೂ ಕಾಲೇಜಿಗೆ, ಕೆಲಸಕ್ಕೆ ಹೋಗೋಕೆ ಆಗುತ್ತಿಲ್ಲ ಅಂದ್ರೆ ಡಾಕ್ಟರ್ ನೋಡಲೇಬೇಕು. ಮೊದಲು ಇಲ್ಲದ ನೋವು ಇಪ್ಪತ್ತೈದರ ನಂತರ ಶುರುವಾದರೆ, ವರ್ಷದಿಂದ ವರ್ಷಕ್ಕೆ ಜಾಸ್ತಿಯಾಗುತ್ತಿದ್ದರೆ, ರಕ್ತಸ್ರಾವಕ್ಕೆ ಎಷ್ಟೋ ದಿನ ಮೊದಲೇ ಬಂದು ಮುಗಿದ ಮೇಲೂ ಉಳಿದರೆ, ಮೂರು ತಿಂಗಳು ಕೂಡ ಕಾಯಬೇಕಿಲ್ಲ. ಮುಟ್ಟಿನ ದಿನಗಳಲ್ಲಿ ಮಲ-ಮೂತ್ರ ವಿಸರ್ಜನೆ ಮಾಡುವಾಗ ಚುಚ್ಚಿದಂತಾಗುವುದು, ಲೈಂಗಿಕ ಸಂಪರ್ಕದ ವೇಳೆ ಆಳದಲ್ಲಿ ನೋವು, ಗರ್ಭ ನಿಲ್ಲದಿರುವುದು, ಅಮ್ಮನಿಗೋ ಅಕ್ಕನಿಗೋ ಇದೇ ಸಮಸ್ಯೆ ಇದ್ದದ್ದು ಎಲ್ಲವೂ ಡಾಕ್ಟರಿಗೆ ಹೇಳಬೇಕಾದ ವಿಷಯಗಳು. ಮೊದಲ ಎರಡನ್ನು ಯಾರೂ ತಾವಾಗಿ ಹೇಳೋದಿಲ್ಲ, ಡಾಕ್ಟರೂ ಕೇಳೋದಿಲ್ಲ. ಅಲ್ಲಿಗೆ ಕತೆ ಮುಗಿಯುತ್ತದೆ.

ಇವುಗಳ ಹಿಂದೆ ಎಂಡೊಮೆಟ್ರಿಯೋಸಿಸ್ ಇರಬಹುದು. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗಡೆ, ಅಂದರೆ ಅಂಡಾಶಯ, ಕರುಳು, ಕಿಬ್ಬೊಟ್ಟೆಯ ಪೊರೆಯ ಮೇಲೆ ಬೆಳೆಯುವ ಕಾಯಿಲೆ ಇದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸಂತಾನೋತ್ಪತ್ತಿ ವಯಸ್ಸಿನ ಸುಮಾರು 10 ಶೇಕಡಾ ಮಹಿಳೆಯರಲ್ಲಿ, ಅಂದರೆ ಜಗತ್ತಿನಲ್ಲಿ 19 ಕೋಟಿ ಜನರಲ್ಲಿ ಇದೆ. ಅದೇ ರೀತಿಯ ಅಂಗಾಂಶ ಗರ್ಭಕೋಶದ ಸ್ನಾಯುವಿನೊಳಗೇ ಬೆಳೆದರೆ ಅಡಿನೊಮಯೋಸಿಸ್. ಇವಲ್ಲದೆ ಫೈಬ್ರಾಯ್ಡ್ ಗಡ್ಡೆ, ಕಿಬ್ಬೊಟ್ಟೆಯ ಸೋಂಕು, ನಮ್ಮ ದೇಶದಲ್ಲಿ ಜನನಾಂಗದ ಕ್ಷಯವೂ ಕಾರಣ ಆಗಬಹುದು. "ಚಿಕ್ಕ ಹುಡುಗಿ, ಅವಳಿಗೆಲ್ಲಿಂದ ಬರುತ್ತೆ" ಅನ್ನುವ ಮಾತಿಗೆ ಉತ್ತರವಾಗಿ ಒಂದು ಅಂಕಿ. ಅಮೆರಿಕದ ಪ್ರಸೂತಿ ತಜ್ಞರ ಸಂಸ್ಥೆ 2018ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದ್ದು, ನೋವಿನ ಮಾತ್ರೆ ಮತ್ತು ಹಾರ್ಮೋನ್ ಎರಡಕ್ಕೂ ಬಗ್ಗದ ನೋವಿರುವ ಹದಿಹರೆಯದವರಿಗೆ ಲ್ಯಾಪ್ರೊಸ್ಕೋಪಿ ಮಾಡಿದಾಗ ಕನಿಷ್ಠ ಮೂರನೇ ಎರಡು ಭಾಗದವರಲ್ಲಿ ಎಂಡೊಮೆಟ್ರಿಯೋಸಿಸ್ ಸಿಗುತ್ತದೆ ಅಂತ.

ತಕ್ಷಣ ಆಸ್ಪತ್ರೆಗೆ ಓಡಬೇಕಾದ ಸಂದರ್ಭಗಳು ಬೇರೆ. ಮುಟ್ಟು ತಪ್ಪಿದ ಮೇಲೆ ಬಂದ ತೀವ್ರ ಹೊಟ್ಟೆನೋವು, ಒಂದೇ ಪಕ್ಕದಲ್ಲಿ ಇದ್ದಕ್ಕಿದ್ದಂತೆ ಶುರುವಾಗಿ ವಾಂತಿ ತರಿಸುವ ನೋವು, ಜ್ವರದ ಜೊತೆ ನೋವು ಮತ್ತು ದುರ್ವಾಸನೆಯ ಸ್ರಾವ, ಗಂಟೆಗೊಂದು ಪ್ಯಾಡ್ ತೋಯುವಷ್ಟು ರಕ್ತಸ್ರಾವ, ಪ್ರಜ್ಞೆ ತಪ್ಪುವುದು. ಆಗ 108ಕ್ಕೆ ಕರೆ ಮಾಡಿ. ಬೆಳಗಾಗಲಿ ಅಂತ ಕಾಯಬೇಡಿ.

ಡಾಕ್ಟರ ಕೋಣೆಯಲ್ಲಿ

ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿ ಲ್ಯಾಬ್ ಎಕ್ಸಾಮಿನ ಮಧ್ಯೆ ನಾನು ಕುಸಿದು ಬಿದ್ದಾಗ ಅಮ್ಮ ನಮ್ಮೂರಿನ ಒಬ್ಬ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು. ಅವರು ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅಮ್ಮನ ಕಡೆ ತಿರುಗಿ, "ಓದು ಮುಗೀತಿದ್ದ ಹಾಗೆ ಮದುವೆ ಮಾಡಿ. ಒಂದು ಮಗು ಆದ್ರೆ ಎಲ್ಲ ಸರಿ ಹೋಗುತ್ತೆ" ಅಂದರು. ಅಡಿನೊಮಯೋಸಿಸ್ ಅನ್ನುವ ಹೆಸರು ನನಗೆ ಸಿಕ್ಕಿದ್ದು ಅದಾಗಿ ಒಂಬತ್ತು ವರ್ಷಕ್ಕೆ, ಬೇರೆ ಊರಿನ ಬೇರೆ ಡಾಕ್ಟರಿಂದ. ನನ್ನದು ವಿಶೇಷ ಕತೆಯೇನಲ್ಲ. ಎಂಡೊಮೆಟ್ರಿಯೋಸಿಸ್ ಪತ್ತೆಯಾಗಲು ಜಗತ್ತಿನಾದ್ಯಂತ ಸರಾಸರಿ 4ರಿಂದ 12 ವರ್ಷ ಹಿಡಿಯುತ್ತಿದೆ. ಇನ್ನು ಮದುವೆ-ಮಗುವಿನ ಸಲಹೆ: ಯುರೋಪಿನ ಸಂತಾನ ತಜ್ಞರ ಸಂಸ್ಥೆ ಎಸ್ರೆ 2022ರ ಮಾರ್ಗಸೂಚಿಯಲ್ಲಿ, ಎಂಡೊಮೆಟ್ರಿಯೋಸಿಸ್‌ಗೆ ಚಿಕಿತ್ಸೆ ಅಂತ ಗರ್ಭ ಧರಿಸಲು ಸಲಹೆ ಕೊಡಬಾರದು ಎಂದು ಸ್ಪಷ್ಟವಾಗಿಯೇ ಹೇಳಿದೆ. ಮಗು ಒಂದು ಔಷಧಿ ಅಲ್ಲ.

ಸರ್ಕಾರಿ ಆಸ್ಪತ್ರೆಯ ಒಪಿಡಿಯಲ್ಲಿ ನಿಮಗೆ ಸಿಗೋದು ಎರಡೋ ಮೂರೋ ನಿಮಿಷ. ಖಾಸಗಿಯಲ್ಲಿ ಅದಕ್ಕಿಂತ ತುಸು ಜಾಸ್ತಿ. ಅಷ್ಟರಲ್ಲಿ "ತುಂಬಾ ನೋವು ಡಾಕ್ಟ್ರೇ" ಅಂದರೆ ಏನೂ ದಾಖಲಾಗುವುದಿಲ್ಲ. ಬದಲಿಗೆ ಹೀಗೆ ಹೇಳಿ ನೋಡಿ: "ಕಳೆದ ನಾಲ್ಕು ತಿಂಗಳಲ್ಲಿ ಏಳು ದಿನ ಕೆಲಸಕ್ಕೆ ಹೋಗೋಕಾಗಿಲ್ಲ. ಮೊದಲ ದಿನ ಮೂರು ಸಲ ವಾಂತಿ. ಇಬುಪ್ರೊಫೇನ್ 400 ಎಂಟು ಗಂಟೆಗೊಂದರಂತೆ ತಗೊಂಡೆ, ಅರ್ಧ ಕೂಡ ಕಮ್ಮಿ ಆಗಿಲ್ಲ. ಸಂಡಾಸಿಗೆ ಹೋದಾಗ ನೋವು ಜಾಸ್ತಿ." ಈ ನಾಲ್ಕು ವಾಕ್ಯಗಳನ್ನು ತಳ್ಳಿಹಾಕುವುದು ಯಾವ ಡಾಕ್ಟರಿಗೂ ಸುಲಭ ಅಲ್ಲ. ಎಂಜಿನಿಯರಿಂಗ್ ಬಿಟ್ಟರೂ ನಾನು ಎಕ್ಸೆಲ್ ಶೀಟ್ ಬಿಡಲಿಲ್ಲ. ದಿನಾಂಕ, ಹತ್ತಕ್ಕೆ ಎಷ್ಟು ನೋವು, ಯಾವ ಮಾತ್ರೆ, ಎಷ್ಟು ಹೊತ್ತಿಗೆ, ಎಷ್ಟು ಪ್ಯಾಡ್, ಅವತ್ತು ಏನು ತಪ್ಪಿಹೋಯಿತು. ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದರೂ ಸಾಕು.

"ಮದುವೆ ಆಗಿದ್ಯಾ?" ಅನ್ನೋದು ನಮ್ಮ ಆಸ್ಪತ್ರೆಗಳ ಗುಪ್ತ ಭಾಷೆ. ಅವರಿಗೆ ಬೇಕಿರೋದು ಲೈಂಗಿಕ ಸಂಪರ್ಕ ಇದೆಯೇ ಅನ್ನುವ ಮಾಹಿತಿ. ಗರ್ಭ, ಸೋಂಕು, ಯಾವ ಬಗೆಯ ಸ್ಕ್ಯಾನ್ ಮಾಡಬೇಕು ಅನ್ನೋದು ಅದರ ಮೇಲೆ ನಿಂತಿರುತ್ತದೆ. ಜೊತೆಗೆ ಬಂದವರ ಎದುರು ಹೇಳೋಕಾಗದಿದ್ದರೆ "ಡಾಕ್ಟರ್ ಹತ್ತಿರ ಒಬ್ಬಳೇ ಮಾತಾಡ್ಬೇಕು" ಅಂತ ಕೇಳಬಹುದು. ಪುರುಷ ವೈದ್ಯರು ಪರೀಕ್ಷಿಸುವಾಗ ಮಹಿಳಾ ಸಿಬ್ಬಂದಿ ಜೊತೆಗಿರಬೇಕು ಎನ್ನುವುದು, ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಪಡೆಯುವುದು, ನಮ್ಮ ದಾಖಲೆಯ ಪ್ರತಿ ಪಡೆಯುವುದು, ಇವೆಲ್ಲ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿವೆ. ಮುಟ್ಟಾಗುವ ಟ್ರಾನ್ಸ್ ಗಂಡಸರಿಗಂತೂ ಸ್ತ್ರೀರೋಗ ವಿಭಾಗದ ಸಾಲಿನಲ್ಲಿ ನಿಲ್ಲುವುದೇ ದೊಡ್ಡ ಪರೀಕ್ಷೆ. ಈ ಹಕ್ಕುಗಳು ಅವರಿಗೂ ಸೇರಿದ್ದು.

"ಸ್ಕ್ಯಾನ್ ನಾರ್ಮಲ್ ಇದೆ"

ಬಹಳ ಜನರ ಚಿಕಿತ್ಸೆ ನಿಂತುಹೋಗುವುದು ಈ ವಾಕ್ಯಕ್ಕೆ. ಅಲ್ಟ್ರಾಸೌಂಡಿನಲ್ಲಿ ಫೈಬ್ರಾಯ್ಡ್, ಅಂಡಾಶಯದ ಚಾಕೊಲೇಟ್ ಸಿಸ್ಟ್ ಕಾಣುತ್ತವೆ. ಅನುಭವಿ ಕಣ್ಣಿಗೆ ಅಡಿನೊಮಯೋಸಿಸ್ ಕಾಣುತ್ತದೆ. ಆದರೆ ಕಿಬ್ಬೊಟ್ಟೆಯ ಪೊರೆಯ ಮೇಲೆ ತೆಳುವಾಗಿ ಹರಡಿದ ಎಂಡೊಮೆಟ್ರಿಯೋಸಿಸ್ ಕಾಣೋದೇ ಇಲ್ಲ. ಹಾಗಾಗಿ ನಾರ್ಮಲ್ ಸ್ಕ್ಯಾನ್ ಅಂದರೆ ಕಾಯಿಲೆ ಇಲ್ಲ ಅಂತ ಅರ್ಥ ಅಲ್ಲ. ಒಂದು ಕಾಲದಲ್ಲಿ ಲ್ಯಾಪ್ರೊಸ್ಕೋಪಿ ಮಾಡಿ ಕಣ್ಣಾರೆ ನೋಡಿದರೆ ಮಾತ್ರ ಖಚಿತ ಅನ್ನುತ್ತಿದ್ದರು. ಈಗಿನ ಮಾರ್ಗಸೂಚಿಗಳು ಅಷ್ಟು ದೂರ ಹೋಗುವ ಮೊದಲೇ, ಲಕ್ಷಣ ನೋಡಿ ಔಷಧಿ ಶುರು ಮಾಡಬಹುದು ಅನ್ನುತ್ತವೆ. ನೀವು ಕೇಳಬೇಕಾದ ಪ್ರಶ್ನೆ ಇಷ್ಟೇ: "ಸ್ಕ್ಯಾನ್ ನಾರ್ಮಲ್ ಇದ್ದರೂ ನೋವಿದೆಯಲ್ಲ ಡಾಕ್ಟ್ರೇ, ಮುಂದೇನು?"

ಇದೇ ಭೇಟಿಯಲ್ಲಿ ಹಿಮೊಗ್ಲೋಬಿನ್ ಪರೀಕ್ಷೆಯೂ ಆಗಲಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಅರ್ಧದ ಹತ್ತಿರ ಜನರಿಗೆ ರಕ್ತಹೀನತೆ ಇದೆ.

ಹಾರ್ಮೋನ್ ಮಾತ್ರೆ ಎಂಬ ಗುಮ್ಮ

ನೋವಿನ ಮಾತ್ರೆ ಸಾಲದಾಗ ಮುಂದಿನ ಹೆಜ್ಜೆ ಸಾಮಾನ್ಯವಾಗಿ ಹಾರ್ಮೋನ್. ಗರ್ಭನಿರೋಧಕ ಮಾತ್ರೆ ಒಳಪದರವನ್ನು ತೆಳುವಾಗಿಸುತ್ತದೆ, ಪದರ ತೆಳುವಾದರೆ ಪ್ರೊಸ್ಟಾಗ್ಲಾಂಡಿನ್ ಕಡಿಮೆ, ನೋವೂ ಕಡಿಮೆ. ಕೆಲವರಿಗೆ ನಡುವೆ ಬಿಡುವು ಕೊಡದೆ ತೆಗೆದುಕೊಳ್ಳಲು ಹೇಳುತ್ತಾರೆ. ಮುಟ್ಟೇ ಆಗದಿದ್ದರೆ ಕೆಟ್ಟ ರಕ್ತ ಒಳಗೇ ಉಳಿಯುತ್ತದೆ ಅನ್ನುವುದು ಸುಳ್ಳು, ಅಲ್ಲಿ ಕಳಚಿಕೊಳ್ಳಲು ಪದರ ಬೆಳೆದೇ ಇರುವುದಿಲ್ಲ. ಎಂಡೊಮೆಟ್ರಿಯೋಸಿಸ್‌ಗೆ ಡೈನೊಜೆಸ್ಟ್ ಎಂಬ ಮಾತ್ರೆ ಇದೆ. ಗರ್ಭಕೋಶದೊಳಗೆ ಇಡುವ, ಕೆಲವು ವರ್ಷ ಹಾರ್ಮೋನ್ ಬಿಡುವ ಸಾಧನವೂ ಇದೆ. ಇವು ಮುಂದೆ ಮಕ್ಕಳಾಗದ ಹಾಗೆ ಮಾಡುವುದಿಲ್ಲ. ಆದರೆ ಈಸ್ಟ್ರೊಜನ್ ಇರುವ ಮಾತ್ರೆ ಎಲ್ಲರಿಗೂ ಅಲ್ಲ. ಕಣ್ಣ ಮುಂದೆ ಮಿಂಚು ಹೊಡೆದಂತಾಗುವ ಮೈಗ್ರೇನ್, ಹಿಂದೆ ರಕ್ತ ಹೆಪ್ಪುಗಟ್ಟಿದ ಚರಿತ್ರೆ, ಹೆಚ್ಚಿನ ಬಿಪಿ ಇರುವವರು, 35 ದಾಟಿದ ಮೇಲೂ ಸಿಗರೇಟು ಸೇದುವವರು ಮೊದಲೇ ಹೇಳಬೇಕು. ಬಿಪಿ ನೋಡದೆ ಚೀಟಿ ಬರೆದರೆ, ನೋಡಿ ಅಂತ ನೀವೇ ಕೇಳಿ.

ಕಷ್ಟ ಇರೋದು ಮನೆಯಲ್ಲಿ. ಮದುವೆಯಾಗದ ಮಗಳ ಬ್ಯಾಗಿನಲ್ಲಿ ಆ ಸ್ಟ್ರಿಪ್ ಸಿಕ್ಕರೆ ಏನಾಗುತ್ತದೆ ಅಂತ ವಿವರಿಸಬೇಕಿಲ್ಲ. ನನ್ನ ಗೆಳತಿಯೊಬ್ಬಳು ಮಾತ್ರೆಗಳನ್ನು ಬಿಡಿಸಿ ವಿಟಮಿನ್ ಡಬ್ಬಿಗೆ ಹಾಕಿಡುತ್ತಿದ್ದಳು. ಡಾಕ್ಟರ್ ಹತ್ತಿರವೇ "ನೋವಿಗೆ ಹಾರ್ಮೋನ್ ಚಿಕಿತ್ಸೆ" ಅಂತ ಚೀಟಿಯ ಮೇಲೆ ಬರೆಸಿಕೊಂಡು, ಅಮ್ಮನ ಎದುರು ಅವರಿಂದಲೇ ಹೇಳಿಸಿದ್ದು ನನ್ನ ವಿಷಯದಲ್ಲಿ ಕೆಲಸ ಮಾಡಿತು.

ಗರ್ಭಕೋಶ ತೆಗೆಸುವ ಮುನ್ನ

ಬಡ ಹೆಣ್ಣುಮಕ್ಕಳಿಗೆ ಮೇಲಿನ ಯಾವ ಹೆಜ್ಜೆಯನ್ನೂ ತೋರಿಸದೆ ನೇರವಾಗಿ ಕೊನೆಯದನ್ನು ತೋರಿಸಲಾಗುತ್ತದೆ. ಹೊಟ್ಟೆನೋವು, ಬಿಳಿಸೆರಗು ಅಂತ ಹೋದವರಿಗೆ "ಕ್ಯಾನ್ಸರ್ ಆಗುತ್ತೆ" ಅಂತ ಹೆದರಿಸಿ ಗರ್ಭಕೋಶ ತೆಗೆದ ಪ್ರಕರಣಗಳು ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳಿಂದ 2015ರ ಹೊತ್ತಿಗೆ ದೊಡ್ಡ ಸುದ್ದಿಯಾದವು. ಮಹಾರಾಷ್ಟ್ರದ ಬೀಡ್‌ನ ಕಬ್ಬು ಕಟಾವಿನ ಹೆಣ್ಣುಮಕ್ಕಳ ಕತೆ 2019ರಲ್ಲಿ ಬಂತು. ಅಲ್ಲಿ ಒಂದು ದಿನ ಕೆಲಸ ತಪ್ಪಿಸಿದರೆ ದಂಡ ಬೀಳುತ್ತಿತ್ತು. ಮುಟ್ಟೇ ಬೇಡ ಅಂತ ಆಪರೇಷನ್‌ಗೆ ಒಪ್ಪಿದವರಿದ್ದರು. ಡಾ. ನರೇಂದ್ರ ಗುಪ್ತಾ ಹೂಡಿದ್ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ, ಅನಗತ್ಯ ಗರ್ಭಕೋಶ ಆಪರೇಷನ್ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಗೆ ತರಬೇಕು ಅಂತ ಎಲ್ಲ ರಾಜ್ಯಗಳಿಗೂ ಹೇಳಿತು.

ಈ ಆಪರೇಷನ್ ನಿಜಕ್ಕೂ ಬೇಕಾಗುವವರಿದ್ದಾರೆ. ನಿಮ್ಮ ಮನೆಯಲ್ಲಿ ಅಕ್ಕನಿಗೋ ಚಿಕ್ಕಮ್ಮನಿಗೋ ಹೇಳಿದ್ದರೆ ನೀವು ಜೊತೆಗೆ ಹೋಗಿ ಮೂರು ಪ್ರಶ್ನೆ ಕೇಳಿ: ಕಾಯಿಲೆಯ ಹೆಸರೇನು, ಔಷಧಿ ಎಷ್ಟು ತಿಂಗಳು ಕೊಟ್ಟು ನೋಡಿದ್ದೀರಿ, ಅಂಡಾಶಯವನ್ನೂ ತೆಗೀತೀರಾ? ಮೂವತ್ತರ ಆಸುಪಾಸಿನಲ್ಲಿ ಅಂಡಾಶಯ ಹೋದರೆ ಮೂಳೆ ಸವೆತ, ಹೃದಯದ ತೊಂದರೆ ಬೇಗ ಬರುತ್ತವೆ. ಎಂಡೊಮೆಟ್ರಿಯೋಸಿಸ್ ಗರ್ಭಕೋಶದ ಹೊರಗಿರುವ ಕಾಯಿಲೆ. ಗರ್ಭಕೋಶ ಒಂದನ್ನೇ ತೆಗೆದರೆ ನೋವು ಉಳಿದುಬಿಡಬಹುದು.

ಎಲ್ಲಿಗೆ ಹೋಗೋದು

ತಾಲ್ಲೂಕು ಆಸ್ಪತ್ರೆಯ ಸ್ತ್ರೀರೋಗ ವಿಭಾಗದಿಂದ ಶುರು ಮಾಡಬಹುದು. ಹದಿಹರೆಯದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಗಾರ್ಮೆಂಟ್ ಕೆಲಸಗಾರರಿಗೆ ಸಂಬಳದಿಂದ ಕಡಿತವಾಗುವ ಇಎಸ್ಐ ಇದೆ. ಲ್ಯಾಪ್ರೊಸ್ಕೋಪಿ ಬೇಕಾದರೆ ಮೆಡಿಕಲ್ ಕಾಲೇಜು ಆಸ್ಪತ್ರೆ, ಬೆಂಗಳೂರಿನವರಿಗೆ ವಾಣಿವಿಲಾಸ. ಮಾತ್ರೆಗಳ ಜೆನೆರಿಕ್ ರೂಪ ಜನೌಷಧಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ವಿದ್ಯಾರ್ಥಿ ಸಂಘಟನೆಗಳಲ್ಲಿ ಇರುವವರು ಗಮನಿಸಿ: ಕೇರಳದ ಕೊಚ್ಚಿನ್ ವಿಶ್ವವಿದ್ಯಾಲಯ 2023ರ ಜನವರಿಯಲ್ಲೇ ವಿದ್ಯಾರ್ಥಿನಿಯರಿಗೆ ಹಾಜರಾತಿಯಲ್ಲಿ 2 ಶೇಕಡಾ ವಿನಾಯಿತಿ ಕೊಟ್ಟಿದೆ. ನಮ್ಮ ರಾಜ್ಯದ ರಜೆ ನೀತಿ ಕೆಲಸಕ್ಕೆ ಹೋಗುವವರಿಗೆ ಬಂದದ್ದು, ಕ್ಲಾಸಿಗೆ ಹೋಗುವವರಿಗೆ ಅಲ್ಲ.

ಸರ್ಕಾರ ಇದಕ್ಕಾಗಿ ಹೊಸ ಔಷಧಿ ಖರೀದಿ ಮಾಡಬೇಕಾಗಿಯೂ ಇಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಕೊಡುವ ಮಾಲಾ-ಎನ್ ಪ್ಯಾಕೆಟಿನಲ್ಲಿ ಇರುವುದು ಲೆವೊನೊರ್ಜೆಸ್ಟ್ರೆಲ್ ಮತ್ತು ಎಥಿನೈಲ್ ಈಸ್ಟ್ರಡೈಯಾಲ್. ಖಾಸಗಿ ಡಾಕ್ಟರುಗಳು ಮುಟ್ಟಿನ ನೋವಿಗೆ ಬರೆದುಕೊಡುವುದೂ ಇದೇ ಬಗೆಯ ಮಾತ್ರೆಗಳನ್ನೇ. ಬಿಪಿ ನೋಡಿ, ನಾಲ್ಕು ಪ್ರಶ್ನೆ ಕೇಳಿ ಕೊಡಬಲ್ಲ ವೈದ್ಯಾಧಿಕಾರಿ ಆ ಕೇಂದ್ರದಲ್ಲೇ ಇರುತ್ತಾರೆ, ಪ್ಯಾಕೆಟ್ ಆಶಾ ಕಾರ್ಯಕರ್ತೆಯ ಚೀಲದಲ್ಲಿ ಮನೆ ಬಾಗಿಲಿಗೇ ಬರುತ್ತದೆ. ಆದರೆ ಅದು ಬರುವುದು ಕುಟುಂಬ ಯೋಜನೆಯ ಲೆಕ್ಕದಲ್ಲಿ, ಅವರ ಕೈಯಲ್ಲಿರುವ ರಿಜಿಸ್ಟರಿನ ಹೆಸರು "ಅರ್ಹ ದಂಪತಿಗಳು". ನೋವಿನಿಂದ ಕಾಲೇಜು ತಪ್ಪಿಸಿ ಮಲಗಿರುವ ಹತ್ತೊಂಬತ್ತರ ಹುಡುಗಿಯ ಹೆಸರು ಬರೆಯಲು ಅದರಲ್ಲಿ ಕಾಲಂ ಇಲ್ಲ.